ಹುಯಿಲಗೋಳರ ಉದಯಗೀತದಲ್ಲಿ ಸಿದ್ಧ-ಸಾಧ್ಯ ವಿಚಾರ

ಹುಯಿಲಗೋಳ ನಾರಾಯಣರಾಯರ (1884–1971) ‘ಉದಯವಾಗಲಿ’ ಎಂಬ ಗೀತವು ಕನ್ನಡಿಗರಿಗೆ ಕಂಠಸ್ಥವಾಗಿದೆ. ಕಂಠಸ್ಥವಾದುದನ್ನು ನಾವು ಮತ್ತೆ ಓದಿನೋಡುವುದು ವಿರಳ. ಆದುದರಿಂದ ಅದರ ರಚನೆಯಲ್ಲಿ ಕವಿಯು ಎದುರಿಸಿದ ಕಷ್ಟವು ಲಕ್ಷ್ಯಕ್ಕೆ ಬಾರದೆ ಉಳಿದಿದೆ. ಆ ಕಷ್ಟವನ್ನು ಗೀತದ ಪದಗಳಿಂದಲೇ ಊಹಿಸಿ ತಿಳಿಯುವುದು ಈ ಲೇಖನದ ಉದ್ದೇಶವು.

ರಾಯರು ಗದಗಿನಲ್ಲಿ ವಕೀಲರಾಗಿದ್ದವರು, ನಾಟಕಕಾರರು. ಆಗ ಗದಗು ಮುಂಬಯಿ ಇಲಾಖೆಗೆ ಸೇರಿದ್ದಿತು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ, ಮೂಡಲ ಕೊಪ್ಪಳವು ನಿಜಾಮರ ರಾಜ್ಯಕ್ಕೂ ಒಳಪಟ್ಟಿದ್ದುವು. ಬೆಳ್ಳಟ್ಟಿಯ ಸುತ್ತಿನ ಸೀಮೆಯವನು ನೆರೆಯ ಪೇಟೆಗಳಿಗೆ ಹೋಗಿಬರುವಷ್ಟರಲ್ಲಿ ದೊರೆತನವು ಬದಲಾಗುತ್ತಿದ್ದಿತು. ನುಡಿಯು ಮಾತ್ರ ಬದಲಾಗುತ್ತಿರಲಿಲ್ಲ.

ಕವಿಯ ಇಕ್ಕಟ್ಟು ಇಲ್ಲಿಯದೇ. ನಾಡು ಇದೆಯೆಂದರೆ ಹಾರೈಸುವುದೇನನ್ನು? ಇಲ್ಲವೆಂದರೆ ಕೊಂಡಾಡುವುದೇನನ್ನು? ಸಿದ್ಧವಸ್ತುವಿಗೆ ಸ್ತುತಿಯೂ ಸಾಧ್ಯವಸ್ತುವಿಗೆ ಪ್ರಾರ್ಥನೆಯೂ ಉಚಿತ. ಒಂದೇ ವಸ್ತುವಿಗೆ ಎರಡೂ ಸಲ್ಲುವುದೆಂತು? ಕವಿಯು ‘ಉದಯ’ ಎಂಬ ಶಬ್ದದಿಂದ ಈ ತೊಡಕನ್ನು ಬಿಡಿಸಿದ್ದಾನೆ. ಉದಯವು ಉತ್ಪತ್ತಿಯಲ್ಲ. ರವಿಯು ದಿನದಿನವೂ ಹೊಸತಾಗಿ ಉಂಟಾಗುವವನಲ್ಲ, ಇರುವವನೇ ಕಾಣಿಸಿಕೊಳ್ಳುವವನು. ಹೀಗಾಗಿ ಹಾರೈಕೆಯೆಲ್ಲವೂ ಮೊದಲ ವಿಧ್ಯರ್ಥಕ ಕ್ರಿಯಾಪದದಲ್ಲಿ ನಿಂತಿದೆ. ಚರಣಗಳು ನಾಮಪದಗಳಿಂದ, ಇರುವುದನ್ನು ಎಣಿಸುತ್ತವೆ.

ಎರಡನೆಯ ಕಷ್ಟವು ಬಂಧದ್ದು. ಕವಿಯು ಪ್ರತಿ ಚರಣದಲ್ಲಿಯೂ ದ್ವಿತೀಯಾಕ್ಷರಪ್ರಾಸವನ್ನು ಬಿಡದೆ, ಕೊನೆಗೆ ‘ನಾಡು’, ‘ಬೀಡು’ ಮೊದಲಾದ ಅಂತ್ಯಪ್ರಾಸವನ್ನೂ ಇಟ್ಟಿದ್ದಾನೆ. ಎರಡು ಕಡೆಯೂ ಕಟ್ಟಿದ ಸಾಲಿನೊಳಗೆ ಪುರಾಣ, ಚರಿತ್ರೆ, ಶಾಸ್ತ್ರ, ಶಿಲ್ಪ, ನದಿಗಳು ಅಡಗಬೇಕು. ಆದುದರಿಂದಲೇ ಸಂಕೋಚವು ಅನಿವಾರ್ಯವಾಯಿತು. ವಿಜ್ಞಾನೇಶ್ವರನು ಮಿತಾಕ್ಷರಾಗ್ರಂಥದ ಹೆಸರಿನಿಂದಲೇ ಸೂಚಿತನಾಗಿದ್ದಾನೆ. ಪರಶುರಾಮನು ತಾಯಿಯ ಸಂಬಂಧದಿಂದ ಬಂದಿದ್ದಾನೆ. ಕಾವೇರಿ-ಗೋದಾವರಿಗಳ ಸ್ಮರಣೆಯು ಕವಿರಾಜಮಾರ್ಗವು ಹೇಳಿದ ಎಲ್ಲೆಯನ್ನು ನೆನಪಿಗೆ ತರುವುದು. ಕಡೆಗೆ ಬರುವ ಗದುಗಿನ ವೀರನಾರಾಯಣನು ಕುಮಾರವ್ಯಾಸನ ಅಂಕಿತ; ಕವಿಯ ಊರ ದೇವರೂ ಹೌದು. ವಿಶಾಲವಾದ ನಾಡನ್ನು ಸುತ್ತಿಬಂದ ಗೀತವು ಹೀಗೆ ತನ್ನೂರ ಗುಡಿಯಲ್ಲಿ ವಿರಮಿಸುವುದು ರಮಣೀಯವಾಗಿದೆ.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡಲಾಗದು. ವಿದ್ವತ್ತೆಯನ್ನು ಕಾಡಿಗೆ ಹೋಲಿಸಿದ್ದು ಅರ್ಥದ ಅಪೇಕ್ಷೆಯಿಂದಲ್ಲ, ಪ್ರಾಸದ ಬಲಾತ್ಕಾರದಿಂದ. ಅರಸರು, ವೀರರು, ಪಂಡಿತರು ನೆರೆದಿರುವ ಈ ಸಭೆಯಲ್ಲಿ ನೆಲವನ್ನು ಉತ್ತವನಿಗೆ ಪ್ರತ್ಯೇಕ ಆಸನವಿಲ್ಲ. ಆದರೂ ಗೀತವು ಜನರ ಬಾಯಲ್ಲಿ ನಿಂತಿದೆ. ಏಕೆಂದರೆ ಮೊದಲ ಪದವು ಯಾರನ್ನೂ ಹೊರಗಿಡುವುದಿಲ್ಲ.

1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ ಮಹಾಸಭೆಯಲ್ಲಿ ಈ ಗೀತವನ್ನು ಹಾಡಿದರು. ಆಗ ಬಾಲಿಕೆಯಾಗಿದ್ದ ಗಂಗೂಬಾಯಿ ಹಾನಗಲ್ಲರ ಕಂಠವೂ ಆ ಸಭೆಯಲ್ಲಿ ಕೇಳಿಸಿತು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದುವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಸಾಧ್ಯವು ಸಿದ್ಧವಾಗಲು ಈ ಹಾಡಿನ ಪ್ರಯೋಜನವು ಮುಗಿಯಿತೆಂದು ಭಾವಿಸಿ ಉತ್ಸವದ ದಿನ ಮಾತ್ರ ಹಾಡಿಸುವ ಉಪಾಧ್ಯಾಯರುಂಟು. ಈ ಅಭಿಪ್ರಾಯವು ವ್ಯಾಕರಣಕ್ಕೂ ಒಪ್ಪುವುದಿಲ್ಲ. ಕವಿಯು ರಾಜ್ಯದ ‘ರಚನೆ’ಯನ್ನು ಬೇಡಿದ್ದರೆ ಅದು ಒಮ್ಮೆಗೇ ಮುಗಿಯುವ ಕಾರ್ಯ; ಬೇಡಿದುದು ಉದಯವನ್ನು. ಅದು ಪ್ರತಿದಿನವೂ ಆಗಬೇಕಾದುದು. ರಾಜ್ಯದ ಗಡಿಯಾಚೆಗೆ ಉಳಿದ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಆ ವಿಧ್ಯರ್ಥವು ಇಂದಿಗೂ ಭೂತಾರ್ಥವಾಗಿಲ್ಲ. ಗೀತವನ್ನು ಕಲಿಸುವವರು ಮಕ್ಕಳಿಗೆ ರಾಗದೊಡನೆ ಈ ಕ್ರಿಯಾಪದದ ಅರ್ಥವನ್ನೂ ಬಿಡಿಸಿ ಹೇಳುವುದು ಯುಕ್ತವು.