ಒಂದು ವಾರದ ಅರ್ಹತೆ

2019ರ ಸೆಪ್ಟೆಂಬರಿನಲ್ಲಿ ತಾಷ್ಕೆಂಟಿಗೆ ಹೋದ ಭಾರತದ ಹದಿನಾರು ವರ್ಷದೊಳಗಿನ ಫುಟ್‌ಬಾಲ್ ತಂಡ ಮಾಡಬೇಕಾದ್ದನ್ನೆಲ್ಲ ಮಾಡಿತ್ತು. ತುರ್ಕ್‌ಮೆನಿಸ್ತಾನದ ಮೇಲೆ 5-0, ಬಹರೇನ್ ಮೇಲೆ 5-0, ಆತಿಥೇಯ ಉಜ್ಬೇಕಿಸ್ತಾನದ ಜೊತೆ 1-1. ಕೋಚ್ ಬಿಬಿಯಾನೊ ಫರ್ನಾಂಡಿಸ್ ಪಳಗಿಸಿದ ಹುಡುಗರು ಗುಂಪಿನಲ್ಲಿ ಮೊದಲಿಗರಾಗಿ 2020ರ ಏಷ್ಯನ್ ಟೂರ್ನಿಗೆ ಅರ್ಹತೆ ಪಡೆದರು. ಆ ಟೂರ್ನಿ ನಡೆಯಲೇ ಇಲ್ಲ. ಕೋವಿಡ್ ಕಾರಣದಿಂದ ಮುಂದಕ್ಕೆ ಹೋಗುತ್ತ 2021ರ ಜನವರಿಯಲ್ಲಿ ರದ್ದಾಯಿತು. ಹಿರಿಯರ ಟೂರ್ನಿ ತಡವಾದರೆ ಆಟಗಾರರು ಕಾಯಬಹುದು, ಈ ಹುಡುಗರಿಗೆ ಆ ಅವಕಾಶವಿರಲಿಲ್ಲ. ಅಷ್ಟರಲ್ಲಿ ಅವರ ವಯಸ್ಸು ದಾಟಿಹೋಗಿತ್ತು.

ಕಾಯಿಲೆಯ ಹೊಣೆಯನ್ನು ಏಷ್ಯನ್ ಫುಟ್‌ಬಾಲ್ ಒಕ್ಕೂಟದ ತಲೆಗೆ ಕಟ್ಟಲಾಗದು. ಆದರೆ ಒಂದು ಟೂರ್ನಿ ತಪ್ಪಿದರೆ ಇಡೀ ಒಂದು ಪೀಳಿಗೆ ಬರಿಗೈಯಲ್ಲಿ ಮನೆಗೆ ಹೋಗಬೇಕಾದ ಏರ್ಪಾಡು ಒಕ್ಕೂಟದ್ದೇ ಆಗಿತ್ತು. ಎರಡು ವರ್ಷಕ್ಕೊಮ್ಮೆ ಟೂರ್ನಿ ಎಂದರೆ ಹುಟ್ಟಿದ ವರ್ಷವೂ ಆಟಗಾರನ ಯೋಗ್ಯತೆಗಳಲ್ಲಿ ಒಂದಾಗುತ್ತದೆ. 2018ರ ಟೂರ್ನಿಗೆ 2002ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರು, 2020ಕ್ಕೆ 2004ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರು. ನಡುವೆ 2003ರ ಡಿಸೆಂಬರಿನಲ್ಲಿ ಹುಟ್ಟಿದವನ ಗತಿ? ತನಗಿಂತ ಸುಮಾರು ಎರಡು ವರ್ಷ ದೊಡ್ಡವರ ಭುಜಕ್ಕೆ ಭುಜ ಕೊಟ್ಟು 2018ರಲ್ಲೇ ಜಾಗ ಗಿಟ್ಟಿಸಿಕೊಳ್ಳಬೇಕು. ಆಗ ಆಗದಿದ್ದರೆ ಮತ್ತೆಂದೂ ಇಲ್ಲ. ಅವನಿಗಿಂತ ಒಂದೇ ತಿಂಗಳು ಚಿಕ್ಕವನು 2020ಕ್ಕೆ ತಂಡದ ಹಿರಿಯ. ಆ ಪ್ರಾಯದಲ್ಲಿ ಎರಡು ವರ್ಷವೆಂದರೆ ಮೂಳೆ, ಮಾಂಸ, ಓಟ ಎಲ್ಲದರಲ್ಲೂ ಕಾಣುವ ಅಂತರ. ಫಲಿತಾಂಶ ಬೇಕಾದ ಕೋಚ್ ಸಹಜವಾಗಿಯೇ ಬೇಗ ಬಲಿತವನನ್ನು ಆರಿಸುತ್ತಾನೆ, ಕಾಲಲ್ಲಿ ಜಾದೂ ಇರುವ ಪುಟ್ಟ ಹುಡುಗ ಬೆಂಚಿನಲ್ಲಿ ಕೂರುತ್ತಾನೆ. ಈಗ, ಈ ಏಷ್ಯನ್ ಟೂರ್ನಿಯ ಮೂಲಕ ತಲುಪಬೇಕಾದ ಹದಿನೇಳರೊಳಗಿನ ವಿಶ್ವಕಪ್ಪನ್ನು ಫಿಫಾ 2025ರಿಂದ ಪ್ರತಿವರ್ಷ, 48 ತಂಡಗಳೊಂದಿಗೆ ನಡೆಸುತ್ತಿದೆ, ಏಷ್ಯನ್ ಟೂರ್ನಿಯೂ ವಾರ್ಷಿಕವಾಗಿದೆ. ಇದನ್ನು ದುಡ್ಡಿನ ಆಸೆ ಎಂದು ಮೂಗು ಮುರಿಯುವವರಿದ್ದಾರೆ. ಇರಬಹುದು. ಆದರೂ ತಪ್ಪಾದ ವರ್ಷದಲ್ಲಿ ಹುಟ್ಟಿದ ಹುಡುಗನಿಗೆ ಇಷ್ಟು ನ್ಯಾಯ ಒದಗಿಸಿದ ಬದಲಾವಣೆ ಇತ್ತೀಚೆಗೆ ಬೇರೊಂದಿಲ್ಲ.

ವಯಸ್ಸಿನ ಸುಳ್ಳಿನದು ಬೇರೆಯೇ ಕಥೆ. 2023ರ ಜನವರಿಯಲ್ಲಿ, ಆಫ್ರಿಕಾದ ಅರ್ಹತಾ ಪಂದ್ಯಗಳಿಗೆ ಮುನ್ನ, ಕ್ಯಾಮೆರೂನ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯೆಲ್ ಎಟೊ ವಯಸ್ಸು ಪರೀಕ್ಷಿಸಲು ಹದಿನೇಳರೊಳಗಿನ ತಂಡದ ಮಣಿಕಟ್ಟುಗಳ ಎಂಆರ್‌ಐ ಮಾಡಿಸಿದರು. 30 ಹುಡುಗರಲ್ಲಿ 21 ಮಂದಿ ಫೇಲ್! ನಗುವುದಕ್ಕೆ ನಮಗೂ ಬಾಯಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜನ್ಮದಿನಾಂಕದಲ್ಲೇ ನಿವೃತ್ತಿಯವರೆಗೂ ಸಾಗಿದವರು ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ.

ನನ್ನ ನಿಜವಾದ ತಕರಾರು ಅರ್ಹತಾ ಸುತ್ತಿನ ಸ್ವರೂಪದ ಮೇಲೆ. ನಾಲ್ಕೈದು ದೇಶಗಳನ್ನು ಒಂದೇ ಊರಿಗೆ ಕರೆಸಿ, ಒಂದು ವಾರ ಹತ್ತು ದಿನದೊಳಗೆ ಎಲ್ಲ ಪಂದ್ಯ ಮುಗಿಸಿಬಿಡುತ್ತಾರೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ತವರು ನೆಲ. 2024ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಚೊನ್‌ಬುರಿಯಲ್ಲಿ ಭಾರತ ಬ್ರೂನೈ ಮೇಲೆ 13 ಗೋಲು ಸುರಿಯಿತು, ತುರ್ಕ್‌ಮೆನಿಸ್ತಾನವನ್ನು 1-0ರಿಂದ ಸೋಲಿಸಿತು, ಆತಿಥೇಯರಿಗೆ 2-3ರಲ್ಲಿ ಸೋತು ಹೊರಬಿತ್ತು. ಆ 13 ಗೋಲಿನಿಂದ ಯಾರು ಏನು ಕಲಿತರು? ಹೊಡೆದವರಿಗೆ ಅದು ಅಭ್ಯಾಸ ಪಂದ್ಯಕ್ಕಿಂತ ಹಗುರ, ತಿಂದ ಮಕ್ಕಳಿಗೆ ಬರೀ ಅವಮಾನ. ಕಲಿಯುವ ವಯಸ್ಸಿನವರ ಅಂತರರಾಷ್ಟ್ರೀಯ ಪಂದ್ಯಗಳೇ ಬೆರಳೆಣಿಕೆಯಷ್ಟು. ಅದರಲ್ಲಿ ಒಂದನ್ನು ಹೀಗೆ ಪೋಲು ಮಾಡುವುದು ನನ್ನ ಕಣ್ಣಿಗೆ ದುಂದು.

ಹಾಗೆಂದು ಅರ್ಹತಾ ಸುತ್ತೇ ಬೇಡವೆನ್ನಲಾರೆ. 2017ರಲ್ಲಿ ಭಾರತ ಆತಿಥೇಯ ಎಂಬ ಕಾರಣಕ್ಕೆ ನೇರವಾಗಿ ಹದಿನೇಳರೊಳಗಿನ ವಿಶ್ವಕಪ್ ಆಡಿತು. ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರಿಗೆ ಜೀಕ್ಸನ್ ಸಿಂಗ್ ತಲೆಕೊಟ್ಟು ಗಳಿಸಿದ ಗೋಲು ನಮ್ಮ ಕಣ್ಣಲ್ಲಿ ಇನ್ನೂ ಇದೆ, ಮೂರಕ್ಕೆ ಮೂರು ಪಂದ್ಯ ಸೋತದ್ದು ಅಷ್ಟಾಗಿ ಇಲ್ಲ. ಅದಕ್ಕಿಂತ ಮರುವರ್ಷ ಮಲೇಷ್ಯಾದ ಏಷ್ಯನ್ ಟೂರ್ನಿಗೆ ಅರ್ಹತೆ ಗಳಿಸಿಯೇ ಹೋಗಿದ್ದ ಫರ್ನಾಂಡಿಸ್ ತಂಡ ಇರಾನಿಗೆ ಗೋಲು ಬಿಟ್ಟುಕೊಡದೆ, ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾಕ್ಕೆ 0-1ರಿಂದ ಸೋತು, ವಿಶ್ವಕಪ್ಪಿಗೆ ಒಂದೇ ಗೆಲುವಿನ ದೂರದಲ್ಲಿ ನಿಂತದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

2025ರ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇದೇ ಕೋಚ್‌ನ ಇನ್ನೊಂದು ಪೀಳಿಗೆ ಇರಾನನ್ನು 2-1ರಿಂದ ಸೋಲಿಸಿ 2026ರ ಹದಿನೇಳರೊಳಗಿನ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಲೆಬನಾನ್‌ಗೆ ಸೋತಿದ್ದ ತಂಡಕ್ಕೆ ಗೆಲುವೊಂದೇ ದಾರಿಯಾಗಿತ್ತು. ಈ ಬಾರಿ ತವರು ನೆಲ ನಮ್ಮದು, ಆದ್ದರಿಂದ ನಮ್ಮಲ್ಲಿ ಯಾರೂ ಅದರ ಬಗ್ಗೆ ದೂರಲಿಲ್ಲ. 2025ರ ವಿಶ್ವಕಪ್ ಆಡಿದ ಒಂಬತ್ತು ಏಷ್ಯನ್ ದೇಶಗಳಿಗೆ ಈ ಸುತ್ತಿನಿಂದ ವಿನಾಯಿತಿ ಕೊಟ್ಟು, ಉಳಿದ ಏಳು ಜಾಗ ಗುಂಪಿನ ಮೊದಲಿಗರಿಗೆ ಮಾತ್ರ ಎಂದು ಒಕ್ಕೂಟ ನಿಯಮ ಮಾಡಿತ್ತು. ಬಲಾಢ್ಯರನ್ನು ಬೇರ್ಪಡಿಸಿದ್ದು ಅರ್ಧ ಕೆಲಸ. ಯುರೋಪು ಹುಡುಗಿಯರ ಟೂರ್ನಿಗಳಲ್ಲಿ ಎ ಮತ್ತು ಬಿ ಲೀಗ್ ಮಾಡಿ, ಗೆದ್ದವರನ್ನು ಮೇಲಕ್ಕೂ ಸೋತವರನ್ನು ಕೆಳಕ್ಕೂ ಕಳಿಸುತ್ತದೆ. ಏಷ್ಯಾ ಅದನ್ನು ನಕಲು ಮಾಡಿದರೆ ಬ್ರೂನೈ ಹುಡುಗರಿಗೂ ಗೆಲ್ಲಬಹುದಾದ ಪಂದ್ಯ ಸಿಗುತ್ತದೆ, ನಮ್ಮವರಿಗೂ ಬೆವರಿಳಿಸುವ ಎದುರಾಳಿಗಳು ಸಿಗುತ್ತಾರೆ.