ಐದನೇ ಮಹಡಿಯ ಬಾಡಿಗೆ ಗೋಡೆ

ಕಲೆಗೆ ಜಾತಿಯಿಲ್ಲ, ಬಣ್ಣವಿಲ್ಲ ಎಂದು ನಮಗೆ ಪಾಠ ಹೇಳುವವರು ಬಹಳ ಮಂದಿ ಇದ್ದಾರೆ. ಇರಲಿ, ಒಪ್ಪೋಣ. ಆದರೆ ಕಲೆಗೊಂದು ಗೋಡೆ ಬೇಕು. ಗೋಡೆಗೊಬ್ಬ ಯಜಮಾನ ಇರುತ್ತಾನೆ. ಯಜಮಾನನಿಗೆ ಜಾತಿ ಇದೆ, ಬಣ್ಣ ಇದೆ, ತಿಂಗಳ ಕೊನೆಗೆ ಬಾಡಿಗೆಯ ಲೆಕ್ಕವೂ ಇದೆ. ಆದ್ದರಿಂದ ಚಿತ್ರದ ಚೆಲುವನ್ನು ಕುರಿತು ಮಾತಾಡುವ ಮೊದಲು, ಅದು ಯಾರ ಗೋಡೆಯ ಮೇಲೆ ತೂಗುತ್ತಿದೆ ಅಂತ ಕೇಳುವುದು ವಿಮರ್ಶೆಯ ಹೊರಗಿನ ಮಾತಲ್ಲ. ಅದೇ ವಿಮರ್ಶೆಯ ಮೊದಲ ಮಾತು.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವಿಲ್ಲಿ ನೋಡಹೊರಟಿರುವುದು ನ್ಯೂಯಾರ್ಕಿನ ಒಂದು ಸಣ್ಣ ಗ್ಯಾಲರಿಯನ್ನು. ಹೆಸರು ಜಸ್ಟ್ ಅಬವ್ ಮಿಡ್‌ಟೌನ್, ಬಾಯಿಮಾತಿನಲ್ಲಿ ಜಾಮ್. 1974ರ ನವೆಂಬರಿನಲ್ಲಿ ಬಾಗಿಲು ತೆರೆಯಿತು, 1986ರಲ್ಲಿ ಮುಚ್ಚಿತು. ದೂರದ ಊರಿನ, ಮುಚ್ಚಿಹೋದ ಜಾಗದ ಉಸಾಬರಿ ನಮಗ್ಯಾಕೆ ಅಂತ ಯಾರಾದರೂ ಕೇಳಿಯಾರು. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ಹೆಸರಿಡುವಾಗ ನೋಡಿದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಕಡೆಗೆ. ಅಲ್ಲಿಂದ ಬಂದ ಕಿಡಿ ನಮ್ಮ ಕೇರಿಗಳಿಗೂ ತಾಗಿದೆ. ಕಪ್ಪುಜನರ ಹೋರಾಟವನ್ನು, ಕಾವ್ಯವನ್ನು ನಾವು ಓದುತ್ತಾ ಬಂದಿದ್ದೇವೆ. ಅವರ ಬಾಡಿಗೆ ಚೀಟಿಗಳನ್ನೂ ಈಗ ಓದಬೇಕಾಗಿದೆ.

ಜಾಮ್ ಹುಟ್ಟುವುದಕ್ಕೆ ಐದು ವರ್ಷ ಮುಂಚೆ, 1969ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮು ಹಾರ್ಲೆಮ್ ಎಂಬ ಕಪ್ಪುಜನರ ಕೇರಿಯನ್ನು ಕುರಿತು ಒಂದು ದೊಡ್ಡ ಪ್ರದರ್ಶನ ಏರ್ಪಡಿಸಿತು. ಫೋಟೋಗಳು, ದನಿಮುದ್ರಿಕೆಗಳು ಎಲ್ಲ ಇದ್ದವು. ಹಾರ್ಲೆಮಿನ ಚಿತ್ರಕಾರರ, ಶಿಲ್ಪಿಗಳ ಕೃತಿಗಳು ಮಾತ್ರ ಇರಲಿಲ್ಲ. ಕೇರಿ ಬೇಕು, ಕೇರಿಯ ಕಲಾವಿದ ಬೇಡ! ನಮ್ಮ ನೋವು ವಸ್ತುವಾಗಬೇಕು, ನಾವು ಕರ್ತೃಗಳಾಗಬಾರದು. ಕಪ್ಪು ಕಲಾವಿದರು ಫಲಕ ಹಿಡಿದು ಮ್ಯೂಸಿಯಮ್ಮಿನ ಮೆಟ್ಟಿಲ ಮುಂದೆ ನಿಂತರು. ಈ ವ್ಯವಸ್ಥೆಯ ಬುದ್ಧಿ ನಮಗೆ ಹೊಸದೇನಲ್ಲ. ನಮ್ಮಲ್ಲೂ ತೊಗಲುಗೊಂಬೆ ಗಾಜಿನ ಪೆಟ್ಟಿಗೆಯೊಳಗೆ ನಿಂತಾಗ ಪಕ್ಕದ ಚೀಟಿಯಲ್ಲಿ ಸೀಮೆಯ ಹೆಸರಿರುತ್ತದೆ. ತೊಗಲು ಹದ ಮಾಡಿ ಬಣ್ಣ ತುಂಬಿದವನ ಹೆಸರು ಬಹಳ ಸಲ ಇರುವುದಿಲ್ಲ. ಅವನ ಕೆಲಸ 'ಜಾನಪದ', ಇನ್ನೊಬ್ಬನದು 'ಕಲೆ'.

ಇಂಥ ಹೊತ್ತಿನಲ್ಲಿ ಲಿಂಡಾ ಗೂಡ್ ಬ್ರಯಂಟ್ ಎಂಬ ಕಪ್ಪು ಹೆಣ್ಣುಮಗಳು ಒಂದು ಕೋಣೆ ಹಿಡಿದಳು. ವಯಸ್ಸು 25, ಕಂಕುಳಲ್ಲಿ ಎರಡು ಮಕ್ಕಳು, ಹಿಂದೆ ಆಸ್ತಿಯಿಲ್ಲ. ಹಾರ್ಲೆಮಿನ ಸ್ಟುಡಿಯೊ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿದವಳು. ಬಿಳಿಯರ ಗ್ಯಾಲರಿಗಳಲ್ಲಿ ನಾನು ಕೃತಿ ಇಡುವುದಿಲ್ಲ ಎಂದು ಡೇವಿಡ್ ಹ್ಯಾಮನ್ಸ್ ಎಂಬ ಕಲಾವಿದ ಹೇಳಿದ್ದಕ್ಕೆ, ಹಾಗಾದರೆ ನಾನೇ ಒಂದು ತೆರೆಯಬೇಕಾಯ್ತು ಎಂದುಕೊಂಡೆ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಆಕೆ ಕೋಣೆ ಹಿಡಿದದ್ದು ಹಾರ್ಲೆಮಿನಲ್ಲಲ್ಲ, 57ನೇ ಬೀದಿಯಲ್ಲಿ. ಅದು ಚಿತ್ರವ್ಯಾಪಾರದ ಅಗ್ರಹಾರ. 50, ವೆಸ್ಟ್ 57ನೇ ಬೀದಿ, ಐದನೇ ಮಹಡಿ. ಮಾಲೀಕನೊಡನೆ ಚೌಕಾಶಿ ಮಾಡಿ ತಿಂಗಳ ಬಾಡಿಗೆಯನ್ನು 300 ಡಾಲರಿಗೆ ಇಳಿಸಿದಳು. ಕೇರಿಯಲ್ಲೇ ಗುಡಿಸಲು ಹಾಕಿಕೊಂಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಗ್ರಹಾರದ ನಡುವೆ ಬಾಗಿಲು ತೆರೆದದ್ದೇ ಆಕೆಯ ಬಂಡಾಯ.

ಒಂದು ಪ್ರದರ್ಶನ ಕೆಲವು ವಾರ. ಅದು ಇಳಿದರೆ ಇನ್ನೊಂದು. ಹೆಚ್ಚಿನವರು ಆ ಊರಲ್ಲೇ ಇದ್ದು ದುಡಿಯುತ್ತಿದ್ದ ಕಲಾವಿದರು. 1975ರಲ್ಲಿ ಹ್ಯಾಮನ್ಸನ ಸರದಿ. ಅದಕ್ಕೆ ಮುಂಚೆ ಆತ ಮೈಗೆ ಜಿಡ್ಡು ಬಳಿದುಕೊಂಡು ಕಾಗದದ ಮೇಲೆ ಒತ್ತಿ, ಆ ಅಚ್ಚಿನ ಮೇಲೆ ಬಣ್ಣದ ಪುಡಿ ಉದುರಿಸಿ ಚಿತ್ರ ಮಾಡುತ್ತಿದ್ದ. ಆ ಚಿತ್ರಗಳಿಗೆ ಹೆಸರು ಬಂದಿತ್ತು, ಕೊಳ್ಳುವವರೂ ಇದ್ದರು. ಜನ ಅವನ್ನೇ ನೋಡಲು ಬಂದರೆ ಗೋಡೆಯ ಮೇಲೆ ಇದ್ದದ್ದೇನು? ಎಣ್ಣೆ ಜಿಡ್ಡು ಹಿಡಿದ ಕಂದು ಕಾಗದದ ಚೀಲಗಳು. ಸುಟ್ಟ ಮಾಂಸ ತಿಂದು ಬಿಟ್ಟ ಪಕ್ಕೆಲುಬುಗಳು. ಕ್ಷೌರದಂಗಡಿಯಲ್ಲಿ ಗುಡಿಸಿ ತಂದ ಕಪ್ಪುಜನರ ಗುಂಗುರು ಕೂದಲು. ಬಂದವರಲ್ಲಿ ಹಲವರು ಸಿಟ್ಟಾದರು. ಅವರಲ್ಲಿ ಕಪ್ಪುಜನವೂ ಇದ್ದರು. ಇಷ್ಟು ಕಷ್ಟಪಟ್ಟು ಈ ಬೀದಿಗೆ ಬಂದದ್ದು ಕಸ ತೋರಿಸೋದಕ್ಕಾ ಅನ್ನುವ ಸಂಕಟ ಅದು.

ಈ ಸಂಕಟವನ್ನು ನಾವು ಹಗುರವಾಗಿ ಕಾಣಬಾರದು. ಓದಿ ನೌಕರಿ ಹಿಡಿದ ನಮ್ಮ ಹುಡುಗರು ಪೇಟೆಯ ಬಾಡಿಗೆ ಮನೆಯಲ್ಲಿ ಅಡುಗೆಯ ವಾಸನೆ ಹೊರಗೆ ಹೋಗದ ಹಾಗೆ ಕಿಟಕಿ ಮುಚ್ಚುತ್ತಾರಲ್ಲ, ಅದೇ ಸಂಕಟ. ಹ್ಯಾಮನ್ಸ್ ಆ ಕಿಟಕಿಯನ್ನು ತೆರೆದ. ಎಲುಬು, ಕೂದಲು, ಜಿಡ್ಡು ಅಂದರೆ ಕೀಳು ಅಂತ ತೀರ್ಮಾನ ಮಾಡಿದವರು ಯಾರು ಅಂತ ಕೇಳಿದ. ಆ ಕಂದು ಚೀಲಕ್ಕೆ ಇನ್ನೂ ಒಂದು ಅರ್ಥವಿದೆ. ಅಮೆರಿಕದ ಕಪ್ಪುಜನರಲ್ಲೇ ಮೇಲ್‌ದರ್ಜೆಯ ಕೆಲವು ಕೂಟಗಳು ಒಂದು ಕಾಲಕ್ಕೆ ಬಾಗಿಲಲ್ಲಿ ಕಂದು ಚೀಲ ಹಿಡಿದು, ಅದಕ್ಕಿಂತ ಕಪ್ಪಗಿದ್ದವರನ್ನು ಹೊರಗಿಡುತ್ತಿದ್ದುದುಂಟು. ತುಳಿಸಿಕೊಂಡವರೊಳಗೂ ಮೆಟ್ಟಿಲುಗಳು! ಬಾಬಾಸಾಹೇಬರನ್ನು ಓದಿದ ನಮಗೆ ಈ ಶ್ರೇಣಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಆ ಚೀಲವೇ ಗೋಡೆ ಹತ್ತಿದಾಗ ಅದು ಬರೀ ಕಸವಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತದೆ.

ಸಣ್ಣ ಗ್ಯಾಲರಿಯ ದೊಡ್ಡ ಕೆಲಸ ಇದೇ ಎಂಬುದು ನಮ್ಮ ವಾದ. ಮಾರಾಟವಾಗುವುದನ್ನು ತೋರಿಸಲು ಮಾರುಕಟ್ಟೆಯೇ ಇದೆ. ಸತ್ತ ಮೇಲೆ ತೋರಿಸಲು ಮ್ಯೂಸಿಯಮ್ಮಿದೆ. ಬದುಕಿರುವವನು, ಪಕ್ಕದ ಬೀದಿಯವನು, ಇನ್ನೂ ಯಾರೂ ಒಪ್ಪದ್ದನ್ನು ಮಾಡಿದಾಗ ಅದಕ್ಕೊಂದು ತಿಂಗಳ ಗೋಡೆ ಕೊಡುವವರು ಯಾರು? 1977ರಲ್ಲಿ ಸೆಂಗಾ ನೆಂಗುಡಿ ಇದೇ ಜಾಮಿನಲ್ಲಿ ಹೆಂಗಸರ ನೈಲಾನ್ ಕಾಲುಚೀಲಗಳಿಗೆ ಮರಳು ತುಂಬಿ, ಎಳೆದು ಗೋಡೆಗೆ ಮೊಳೆ ಹೊಡೆದು ತೂಗಿಸಿದಳು. ಬಸಿರು ಬಾಣಂತನಗಳಲ್ಲಿ ಹಿಗ್ಗಿ ಜೋತು ಮತ್ತೆ ನಿಂತ ಹೆಣ್ಣಿನ ಮೈ ಅದು. 1980ರಲ್ಲಿ ಗ್ಯಾಲರಿ ಫ್ರಾಂಕ್ಲಿನ್ ಬೀದಿಗೆ ಹೋದಾಗ, ಲೊರೇನ್ ಓ'ಗ್ರೇಡಿ 180 ಜೊತೆ ಬಿಳಿ ಕೈಗವಸುಗಳಿಂದ ಹೊಲಿದ ಗೌನು ತೊಟ್ಟು, ಚಾಟಿ ಹಿಡಿದು ಪ್ರದರ್ಶನದ ನಡುವೆ ನುಗ್ಗಿದಳು. ಆಕೆ ಬೈದದ್ದು ಬಿಳಿಯರನ್ನಲ್ಲ. ಕೈಗೆ ಗವಸು ಹಾಕಿಕೊಂಡು, ಸಭ್ಯವಾಗಿ, ಅಂಜಿ ಅಂಜಿ ನಡೆಯುವ ಕಪ್ಪು ಕಲೆಯನ್ನು. ತನ್ನ ಮನೆಯಲ್ಲೇ ತನ್ನವರನ್ನು ಬೈಯುವುದಕ್ಕೆ ಜಾಗ ಇಟ್ಟುಕೊಂಡ ಸಂಸ್ಥೆ ಅದು. ನಮ್ಮ ಸಂಘಟನೆಗಳು ಇದನ್ನು ಗಮನಿಸಬೇಕು.

ಬೇರೆ ಕೋಣೆ ಕಟ್ಟಿಕೊಂಡರೆ ಅದೂ ಒಂದು ಜಾತೀಯತೆಯಲ್ಲವೇ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಜಾಮ್ ಬಿಳಿಯ ಕಲಾವಿದರಿಗೆ ಬಾಗಿಲು ಹಾಕಲಿಲ್ಲ. ಅವರ ಕೃತಿಗಳೂ ಆ ಗೋಡೆಗಳ ಮೇಲೆ ಬಂದವು. ಒಂದೇ ಒಂದು ಫರಕು. ಯಾರನ್ನು ಕರೆಯಬೇಕು ಅಂತ ತೀರ್ಮಾನಿಸುವ ಹಕ್ಕು ಇಲ್ಲಿ ಕಪ್ಪು ಹೆಣ್ಣಿನ ಕೈಯಲ್ಲಿತ್ತು. ಉಣ್ಣುವವರ ಪಂಕ್ತಿ ಬದಲಾದರೆ ಸಾಲದು, ಬಡಿಸುವ ಕೈಯೂ ಬದಲಾಗಬೇಕು.

ಜಾಮನ್ನು ಸುಮ್ಮನೆ ಹೊಗಳಿ ಬಿಡುವುದೂ ಸರಿಯಲ್ಲ. ಐದನೇ ಮಹಡಿಯ ಆ ಕೋಣೆಗೆ ದುಡಿಯುವ ಸಾಮಾನ್ಯ ಜನ ಎಷ್ಟರಮಟ್ಟಿಗೆ ತಮ್ಮ ಮನೆಯೆಂದು ಹತ್ತಿ ಬಂದಾರು? ಕಲಾವಿದರಿಗೆ ಕಲಾವಿದರೇ ಪ್ರೇಕ್ಷಕರಾಗುವ ಅಪಾಯ ಇಂಥ ಜಾಗಗಳ ಬೆನ್ನಿಗೇ ಇರುತ್ತದೆ. ಎರಡನೆಯದು ಹಣ. ಹನ್ನೆರಡು ವರ್ಷದಲ್ಲಿ ಮೂರು ಕಡೆ ಜಾಗ ಬದಲಾಯಿತು. ಸಾಲ, ಬಾಕಿ, ಮನೆ ಖಾಲಿ ಮಾಡಿ ಎಂಬ ನೋಟೀಸು. ಚಿತ್ರಕಾರ ಲೆಕ್ಕ ಕಲಿಯಬೇಕೆಂದು ಆಕೆ ತರಗತಿ ನಡೆಸಿದಳು ನಿಜ. ಆದರೆ ಇಡೀ ಭಾರವನ್ನು ಒಬ್ಬಳ ಹೆಗಲು ಎಷ್ಟು ದಿನ ಹೊತ್ತೀತು? ಒಬ್ಬರ ಛಲದ ಮೇಲೆ ನಿಂತದ್ದು ಆ ಒಬ್ಬರ ಸುಸ್ತಿನೊಂದಿಗೆ ಕೂರುತ್ತದೆ.

ಆಮೇಲಿನ ಕಥೆ ಕೇಳಿ. 2022ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ ಆಫ್ ಮಾಡರ್ನ್ ಆರ್ಟ್ ಜಾಮನ್ನು ಕುರಿತೇ ಭಾರೀ ಪ್ರದರ್ಶನ ಮಾಡಿತು. ಆ ಹಳೆಯ ಬಾಕಿ ಬಿಲ್ಲುಗಳು ಕೂಡ ಪ್ರದರ್ಶನದ ವಸ್ತುಗಳಾದವು. ಆ ಮ್ಯೂಸಿಯಮ್ ಇರುವುದು 53ನೇ ಬೀದಿಯಲ್ಲಿ, ಜಾಮ್ ಇದ್ದದ್ದು 57ನೇ ಬೀದಿಯಲ್ಲಿ. ನಾಲ್ಕು ಬೀದಿ ದಾಟುವುದಕ್ಕೆ 48 ವರ್ಷ! ಬಾಡಿಗೆ ಕಟ್ಟಲು ದುಡ್ಡು ಬೇಕಾಗಿದ್ದಾಗ ಬಾರದ ಗೌರವ, ಬಿಲ್ಲು ಹಳತಾದ ಮೇಲೆ ಚೌಕಟ್ಟು ಹಾಕಿಸಿಕೊಂಡು ಬಂತು. ಅದು ಗೆಲುವಲ್ಲ ಅಂತ ನಾವು ಅನ್ನುವುದಿಲ್ಲ. ತಡವಾದ ಕೂಲಿಯೂ ಕೂಲಿಯೇ. ಆದರೆ ಹಸಿವು ಕೂಲಿಗಾಗಿ ಕಾಯುವುದಿಲ್ಲ.

ಗೋಡೆಯ ಈ ಜಗಳ ನಮ್ಮ ನಾಡಿನಲ್ಲೂ ನಡೆದಿದೆ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ ಸರ್ಕಾರದ್ದು. ಕಡಿಮೆ ಬಾಡಿಗೆಗೆ ಗೋಡೆ ಸಿಗುತ್ತದೆಂದು ಹಳ್ಳಿಗಾಡಿನಿಂದ ಬಂದ ಎಷ್ಟೋ ಹೊಸ ಕಲಾವಿದರು ನೆಚ್ಚಿಕೊಂಡ ಜಾಗ. 2015ರಲ್ಲಿ ಸರ್ಕಾರ ಅದನ್ನು ಒಂದು ಖಾಸಗಿ ಪ್ರತಿಷ್ಠಾನದ ಕೈಗೆ ದತ್ತು ಕೊಡಲು ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಹಾಡಿದರು, ಚಿತ್ರ ಬರೆದರು, ಒಪ್ಪಂದ ಬಿದ್ದುಹೋಯಿತು. ಗೋಡೆ ಉಳಿಸಿಕೊಳ್ಳುವುದಕ್ಕೂ ಚಳವಳಿ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಬೆಂಗಳೂರಿನ ಒಂದು ಕಟ್ಟಡ ಉಳಿದರೆ ತಾಲ್ಲೂಕಿನ ಹುಡುಗನಿಗೆ ಏನಾಯಿತು? ಮೆರವಣಿಗೆಗೆ ಬ್ಯಾನರ್ ಬರೆಯುವವನು, ಅಂಬೇಡ್ಕರ್ ಜಯಂತಿಗೆ ರಾತ್ರಿಯೆಲ್ಲ ಕೂತು ಬಾಬಾಸಾಹೇಬರ ಮುಖ ಬಿಡಿಸುವವನು, ಶಾಲೆಯ ಗೋಡೆ ತುಂಬಾ ಬಣ್ಣ ತುಂಬಿದ ಹುಡುಗಿ, ಇವರೆಲ್ಲ ನಮ್ಮ ನಡುವೆಯೇ ಇದ್ದಾರೆ. ಅವರ ಕೆಲಸ ಮುಗಿದ ಮರುದಿನ ಮಳೆಗೆ ತೊಳೆದುಹೋಗುತ್ತದೆ, ಹೆಸರಂತೂ ಉಳಿಯುವುದೇ ಇಲ್ಲ. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಸಂಜೆ ಹೊತ್ತು ಖಾಲಿ ಬೀಳುವ ಶಾಲೆಯ ಕೋಣೆ ಇದೆ, ಅಂಬೇಡ್ಕರ್ ಭವನ ಇದೆ, ಹಾಸ್ಟೆಲಿನ ಪಡಸಾಲೆ ಇದೆ. ತಿಂಗಳಿಗೆ ಒಬ್ಬರು. ಕೃತಿಯ ಕೆಳಗೆ ಮಾಡಿದವರ ಪೂರ್ತಿ ಹೆಸರು, ಊರು, ವರ್ಷ. ಒಂದು ಸಂಜೆ ಕೂತು ನಿಷ್ಠುರವಾದ ಚರ್ಚೆ. ಬಂದ ರೂಪಾಯಿಗೂ ಹೋದ ರೂಪಾಯಿಗೂ ಎಲ್ಲರ ಎದುರಿನ ಲೆಕ್ಕ. ಒಬ್ಬರ ಹೆಗಲ ಮೇಲೆ ಬೀಳದ ಹಾಗೆ ಹತ್ತು ಹೆಗಲು.

ತೊಗಲು, ಎಲುಬು, ಕೂದಲು, ಜಿಡ್ಡು, ಬೂದಿ ನಮ್ಮ ಹತ್ತಿರ ಬೇಕಾದಷ್ಟಿವೆ. ಸಾವಿರಾರು ವರ್ಷ ಇವನ್ನು ನಮ್ಮ ತಲೆಯ ಮೇಲೆ ಹೊರಿಸಿದ್ದಾರೆ. ಇಳಿಸಿ ಗೋಡೆಗೆ ತೂಗುಹಾಕೋಣ. ನೋಡುವವರ ತಲೆ ಒಂದಿಷ್ಟು ಭಾರವಾಗಲಿ.