‘ವೆರಿ’ ಪದದ ಮೂಲ: ವ್ಯುತ್ಪತ್ತಿ ಮತ್ತು ಪ್ರಯೋಗ

ಇಂಗ್ಲಿಷಿನಲ್ಲಿ ಅತಿಶಯಾರ್ಥವನ್ನು ಸೂಚಿಸುವ ‘ವೆರಿ’ ಎಂಬ ಕ್ರಿಯಾವಿಶೇಷಣದ ಮೂಲವನ್ನು ಸಾಮಾನ್ಯ ನಿಘಂಟುಗಳು ಒಂದೆರಡು ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ. ಲ್ಯಾಟಿನ್ನಿನಲ್ಲಿ ಸತ್ಯ ಎಂಬರ್ಥದ ‘ವೇರುಸ್’, ಅದಕ್ಕೆ ಸಂಬಂಧಿಸಿದ ಹಳೆಯ ಫ್ರೆಂಚ್ ರೂಪ, ಅಲ್ಲಿಂದ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಪ್ರವೇಶ. ಈ ವಿವರದಲ್ಲಿ ದೋಷವಿಲ್ಲ. ಆದರೆ ‘ನಿಜವಾದ’ ಎಂಬ ಗುಣವಾಚಕವು ‘ಬಹಳ’ ಎಂಬ ಅರ್ಥಕ್ಕೆ ಹೇಗೆ ತಿರುಗಿತು ಎಂಬ ಮುಖ್ಯ ಪ್ರಶ್ನೆಗೆ ಇದರಲ್ಲಿ ಉತ್ತರ ದೊರೆಯುವುದಿಲ್ಲ. ಧಾತುವನ್ನು ಗುರುತಿಸಿದೊಡನೆ ಶೋಧ ಮುಗಿಯಿತೆಂಬ ಭಾವನೆಯೇ ಇದಕ್ಕೆ ಕಾರಣ.

ಉತ್ತರವಿರುವುದು ಪ್ರಯೋಗಗಳಲ್ಲಿ. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ‘ಕ್ಯಾಂಟರ್ಬರಿ ಟೇಲ್ಸ್’ ಕೃತಿಯ ಪೀಠಿಕೆಯಲ್ಲಿ ತನ್ನ ವೀರಯೋಧನನ್ನು ಬಣ್ಣಿಸುವಾಗ ಈ ಪದವನ್ನು ಇತರ ಗುಣವಾಚಕಗಳ ಹಿಂದೆ ಇಟ್ಟಿದ್ದಾನೆ. ಅಲ್ಲಿ ಅದರ ಅರ್ಥ ‘ನಿಜವಾದ’ ಎಂದೇ. ಇಂದಿನ ಓದುಗನಾದರೋ ಅದನ್ನು ‘ಬಹಳ’ ಎಂದು ಓದಿಬಿಡುವ ಸಂಭವವೇ ಹೆಚ್ಚು. ಎರಡು ಗುಣವಾಚಕಗಳು ಒಂದರ ಪಕ್ಕ ಒಂದು ನಿಂತಾಗ ಮೊದಲನೆಯದು ನಾಮಪದಕ್ಕೆ ಸೇರಿತೋ, ಎರಡನೆಯ ಗುಣವಾಚಕಕ್ಕೆ ಸೇರಿತೋ ಎಂಬ ಸಂದಿಗ್ಧತೆ ಏರ್ಪಡುತ್ತದೆ. ‘ನಿಜವಾದ, ಒಳ್ಳೆಯ ಮನುಷ್ಯ’ ಎಂಬುದು ‘ನಿಜವಾಗಿ ಒಳ್ಳೆಯ ಮನುಷ್ಯ’ ಎಂದಾಗುವುದು ಇಂತಹ ಸಂದರ್ಭದಲ್ಲಿಯೇ. 15ನೆಯ ಶತಮಾನದಲ್ಲಿ ಸತ್ಯದ ಅಂಶ ಸವೆದು ಅತಿಶಯವೊಂದೇ ಉಳಿಯತೊಡಗಿತು. ಮೂಲಾರ್ಥದ ಜಾಡು ‘ವೆರಿಲಿ’ ಎಂಬ ರೂಪದಲ್ಲಿಯೂ, ‘ಅದೇ ದಿನ’ ಎಂದು ಒತ್ತಿ ಹೇಳುವ ಬಳಕೆಯಲ್ಲಿಯೂ ಉಳಿದಿದೆ.

ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸವನ್ನು ಬಲಸೂಚಕವಾದ ‘ಸ್ವೀಥೆ’ ಮಾಡುತ್ತಿತ್ತು. ಅದು ಮುಂದೆ ‘ಬೇಗನೆ’ ಎಂಬ ಅರ್ಥಕ್ಕೂ ಜಾರಿ, ಕ್ರಮೇಣ ಮರೆಯಾಯಿತು. ಜರ್ಮನ್ನಿನ ‘ಜೇರ್’ ಪದದ ಮೂಲಾರ್ಥ ‘ನೋವಿನಿಂದ’. ಇಂಗ್ಲಿಷಿನ ‘ಸೋರ್’ ಅದರ ಸಹೋದರ ಪದ. ಅತಿಶಯವಾಚಕಗಳು ಬಳಕೆಯಿಂದ ಬೇಗ ಸವೆಯುತ್ತವೆ. ಆದುದರಿಂದ ಭಾಷೆ ಬಲ, ನೋವು, ಸತ್ಯ ಮೊದಲಾದ ತೂಕದ ಪದಗಳನ್ನು ಮತ್ತೆ ಮತ್ತೆ ಆಶ್ರಯಿಸುತ್ತದೆ. ‘ರಿಯಲಿ’ ಇಂದು ಹಿಡಿದಿರುವ ದಾರಿಯೂ ಅದೇ. ಇದನ್ನು ಭಾಷೆಯ ಅವನತಿಯೆಂದು ಹಳಿಯುವವರು ‘ವೆರಿ’ಯನ್ನು ಮಾತ್ರ ನಿರಾತಂಕವಾಗಿ ಬಳಸುವುದು ವಿನೋದದ ಸಂಗತಿ.

ಕನ್ನಡದ ‘ಬಲು’ ಶಬ್ದವೂ ಬಲಾರ್ಥಕ ‘ಬಲ್’ನಿಂದ ಬಂದು ‘ಸ್ವೀಥೆ’ಯ ಜಾಡಿನಲ್ಲಿಯೇ ನಡೆದಿದೆ, ‘ತುಂಬ’ ಎಂಬುದು ‘ತುಂಬು’ ಕ್ರಿಯಾಪದದಿಂದ ಹೊರಟಿದೆ. ಇವು ಯಾವ ವಾಕ್ಯಸಂದರ್ಭದಲ್ಲಿ ಅತಿಶಯಾರ್ಥಕ್ಕೆ ತಿರುಗಿದವು ಎಂಬುದನ್ನು ತಿಳಿಯಲು ಧಾತುಕೋಶ ಸಾಲದು. ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಎರಡೂ ಅರ್ಥಕ್ಕೆ ಎಡೆಗೊಡುವ ವಾಕ್ಯಗಳನ್ನು ಹುಡುಕಬೇಕಾಗುತ್ತದೆ.